ಹೇಸರಗತ್ತೆಗಳ ಸರದಿ

ನಮ್ಮೂರಿನ ರಸ್ತೆಯನ್ನು ಹೊಗಳಿದವರಲ್ಲಿ ನಮ್ಮೂರಿನವನು ಒಬ್ಬನೂ ಇಲ್ಲ. ಹೊಗಳುವವರೆಲ್ಲ ಅದರ ಮೇಲೆ ಹಾದುಹೋಗುವವರು. ನನ್ನ ಅಜ್ಜನ ಕಾಲದಲ್ಲಿ ರೋಮಿನ ಸಿಪಾಯಿಗಳು ಹಾಕಿದ ರಸ್ತೆ ಅದು. ದಾರ ಹಿಡಿದು ಎಳೆದಂತೆ ನೇರ. ಗುಡ್ಡ ಅಡ್ಡ ಬಂದಲ್ಲಿ ಗುಡ್ಡವನ್ನೇ ಸೀಳಿದ್ದಾರೆ. ತಳದಲ್ಲಿ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ, ಅದರ ಮೇಲೆ ಒಂದಕ್ಕೊಂದು ಕಚ್ಚಿಸಿದ ಚಪ್ಪಡಿ. ನಡುವೆ ತುಸು ಉಬ್ಬು, ಎರಡೂ ಬದಿಗೆ ನೀರು ಹರಿಯುವ ಕಾಲುವೆ, ಮೈಲಿಗೊಂದು ಆಳೆತ್ತರದ ಕಲ್ಲು. ಎಂಥ ಮಳೆಗೂ ಅಲ್ಲಿ ಗಾಡಿಯ ಚಕ್ರ ಹೂತಿದ್ದನ್ನು ನಾನು ಕಂಡಿಲ್ಲ. ಸುಳ್ಳು ಯಾಕೆ ಹೇಳಲಿ, ಕೆಲಸ ಗಟ್ಟಿಯಾಗಿದೆ. ಆದರೆ ಆ ರಸ್ತೆ ನಮಗೇನು ಮಾಡಿತು ಅಂತ ತಿಳಿಯಬೇಕಾದರೆ ಹೊಗಳುವವನು ಗಾಡಿ ಇಳಿದು ನಮ್ಮ ಓಣಿಯೊಳಗೆ ನಡೆಯಬೇಕು. ಇಳಿದವರು ಯಾರೂ ಇಲ್ಲ.

ನಾನು ಹಾಲಪ್ಪ. ರಸ್ತೆ ಪಕ್ಕದ ಠಾಣೆಯಲ್ಲಿ, ಅದು ಶುರುವಾದಾಗಿನಿಂದ, ಇಪ್ಪತ್ತೈದು ವರ್ಷ ಸರದಿಗಾರ. ಹತ್ತು ಮೈಲಿಗೊಂದು ಇಂಥ ಠಾಣೆ ಇದೆ. ರೋಮಿನ ದೊರೆಯ ಮುದ್ರೆ ಹಿಡಿದು ಬಂದವನ ಗಾಡಿಯಿಂದ ದಣಿದ ಹೇಸರಗತ್ತೆಗಳನ್ನು ಬಿಚ್ಚಿ ಹೊಸ ಜೋಡಿ ಹೂಡಿಕೊಡಬೇಕು. ಪ್ರಾಣಿ ದೊರೆಯದಲ್ಲ, ಊರವರದು. ಹುಲ್ಲೂ ಊರವರದು. ಬಿಟ್ಟಿ ಚಾಕರಿ. ಮುದ್ರೆ ಇದ್ದವನ ಚಕ್ರದ ಕೆಳಗೆ ದಾರಿ ಅರ್ಧಕ್ಕೆ ಇಳಿಯುತ್ತದೆ. ಹತ್ತು ಮೈಲಿಯ ಠಾಣೆಯನ್ನು ಅವನು ಐದೇ ಮೈಲಿಯಲ್ಲಿ ಮುಟ್ಟುತ್ತಾನೆ. ಅವನಿಗೆ ಉಳಿದ ಐದು ಮೈಲಿ, ಯಾರ ಜೋಡಿಯನ್ನು ಹೂಡಿದ್ದೆವೋ ಅವರ ಮನೆಯ ಓಣಿಗೆ ಬಂದು ಸೇರುತ್ತದೆ. ಒಮ್ಮೆ ಸೇರಿದ್ದು ಮತ್ತೆ ಹೋಗುವುದಿಲ್ಲ.

ಮೊದಮೊದಲು ಜನ ಕೂಗಾಡಿದರು, ಆಮೇಲೆ ಒಗ್ಗಿಕೊಂಡರು. ಹಿತ್ತಲಲ್ಲೇ ಬಾವಿ ತೋಡಿದರು. ಪಕ್ಕದ ಮನೆಯಿಂದ ಕೆಂಡ ತರಲು ಹೋದವಳ ಕೈಯಲ್ಲಿ ಬರುವಷ್ಟರಲ್ಲಿ ಬೂದಿ ಉಳಿಯುತ್ತಿತ್ತು, ಹಾಗಾಗಿ ಒಲೆ ಆರದ ಹಾಗೆ ನೋಡಿಕೊಳ್ಳುವುದನ್ನು ಕಲಿತರು. ಎದುರುಮನೆಗೆ ಹೋಳಿಗೆ ಕೊಡಲು ಹೊರಟವರು ಬುತ್ತಿ ಕಟ್ಟಿಕೊಂಡು ಹೊರಟರು. ಓಣಿಗಳ ನಡುವೆ ನೆರಳಿಗೆ ಚಪ್ಪರ ಹಾಕಿದರು, ನೀರಿನ ಗಡಿಗೆ ಇಟ್ಟರು. ಗೋಡೆ ಒಡೆದು ಅಡ್ಡದಾರಿ ಹಿಡಿಯುತ್ತೇವೆ ಎಂದು ಹೊರಟವರೂ ಇದ್ದರು. ಗೋಡೆಯ ಆಚೆಗೆ ಪಕ್ಕದ ಮನೆ ಇರಲಿಲ್ಲ, ಬರೀ ಬಯಲಿತ್ತು. ಒಡೆದ ಗೋಡೆಯನ್ನು ಅವರೇ ಕಟ್ಟಿಕೊಂಡರು. ಇಷ್ಟಾದರೂ ಊರು ಊರಾಗಿಯೇ ಉಳಿದಿತ್ತು. ಯಾಕೆಂದರೆ ಮುದ್ರೆ ಬರುತ್ತಿದ್ದದ್ದು ಎರಡು ಮೂರು ತಿಂಗಳಿಗೊಮ್ಮೆ, ಮನೆಗಳಿದ್ದದ್ದು ಅರವತ್ತು. ಒಂದು ಮನೆಗೆ ಸರದಿ ಬರಲು ಹತ್ತು ಹನ್ನೆರಡು ವರ್ಷ ಬೇಕಿತ್ತು. ಕಷ್ಟ ಹಂಚಿಹೋಗುತ್ತಿತ್ತು.

ಆ ಹಂಚುವ ಕೆಲಸ ನನ್ನದು. ಠಾಣೆಯ ಗೋಡೆಗೆ ಒಂದು ಹಲಗೆ, ಹಲಗೆಯಲ್ಲಿ ಅರವತ್ತು ಗೂಟ. ಯಾರ ಸರದಿಯೋ ಅವರ ಗೂಟಕ್ಕೆ ಕೆಂಪು ಹಗ್ಗ. ಮುದ್ರೆ ಹೋದ ಮೇಲೆ ಹಗ್ಗ ಮುಂದಿನ ಗೂಟಕ್ಕೆ ಹೋಗುತ್ತದೆ. ಮೊದಲ ಹದಿನೆಂಟು ವರ್ಷದಲ್ಲಿ ಹಗ್ಗ ಎರಡು ಸಲ ನನ್ನ ಗೂಟದ ಬಳಿ ಬಂದಿತ್ತು. ಎರಡು ಸಲವೂ ನನ್ನ ಕೈ ಅದನ್ನು ದಾಟಿಸಿ ಮುಂದಿನ ಗೂಟಕ್ಕೆ ಹಾಕಿತ್ತು. ಸರದಿಗಾರನ ಮನೆ ಠಾಣೆಗೆ ಹತ್ತಿರವೇ ಇರಬೇಕು, ಇಲ್ಲದಿದ್ದರೆ ಕೆಲಸ ನಡೆಯುವುದು ಹೇಗೆ ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಊರಲ್ಲಿ ಎಲ್ಲರ ಮನೆಯೂ ಐದು ಮೈಲಿ, ಹತ್ತು ಮೈಲಿ ದೂರವಾದಾಗ ನನ್ನ ಮನೆ ಮಾತ್ರ ಠಾಣೆಯಿಂದ ನಲವತ್ತು ಹೆಜ್ಜೆಯಲ್ಲೇ ಇತ್ತು. ನನ್ನ ಹೇಸರಗತ್ತೆಗಳು ಲಾಯದ ಹಿಂದುಗಡೆ ನಿಂತು ಹುಲ್ಲು ತಿಂದು ಕೊಬ್ಬಿದ್ದವು.

ಇರುವವಳು ಒಬ್ಬಳೇ ಮಗಳು, ಕೆಂಚವ್ವ. ಅವಳನ್ನು ದೂರ ಕೊಡಬಾರದೆಂದು ಬೂದಪ್ಪನ ಮಗ ಬರಮನಿಗೆ ಕೊಟ್ಟೆವು. ಬೂದಪ್ಪನ ಓಣಿ ಆಗ ಬರೀ ಐದು ಮೈಲಿ. ನನ್ನ ಹೆಂಡತಿ ಗುತ್ತೆವ್ವ ಬೆಳಗ್ಗೆ ಹೋಗಿ ಮಗಳ ತಲೆಗೆ ಎಣ್ಣೆ ಹಚ್ಚಿ, ಸಂಜೆಗೆ ಮನೆ ಸೇರುತ್ತಿದ್ದಳು. ಮದುವೆಯಾದ ಎರಡನೇ ತಿಂಗಳಿಗೆ ಠಾಣೆಯ ಜಗಲಿ ಮೇಲೆ ಹತ್ತಾರು ಜನ ಕೂತಿದ್ದಾಗ ಬೂದಪ್ಪ ನಗುತ್ತಲೇ ಕೇಳಿದ, “ಅಲ್ರೀ ಬೀಗ್ರೇ, ಊರಾಗ ಎಲ್ಲಾರ ಓಣಿ ಹೊಟ್ಟಿ ಹರಕೊಂಡು ಬೆಳೆದ್ವು. ನಿಮ್ಮನಿ ಮಾತ್ರ ಹುಟ್ಟಿದಾಗ ಎಲ್ಲಿತ್ತೋ ಅಲ್ಲೇ ಕುಂತೈತಲ್ಲ! ಏನು ಹಾಕ್ತೀರಿ ಅದಕ್ಕ? ನಮಗೂ ಒಂಚೂರು ಹೇಳ್ರಿ.”

ಎಲ್ಲರೂ ನಕ್ಕರು. ನನ್ನ ಕಿವಿ ಸುಟ್ಟಿತು. “ಬಾಯಿಗೆ ಬಂದಂಗ ಮಾತಾಡಬ್ಯಾಡ್ರಿ. ಹದಿನೆಂಟು ವರ್ಷ ಈ ಹಲಗಿ ಕಾದೀನಿ.”

“ಕಾದೀರಿ, ಯಾರು ಇಲ್ಲ ಅಂದ್ರು? ಎಲ್ಲಾರ ಗೂಟಾನೂ ಕಾದೀರಿ. ನಿಮ್ಮ ಗೂಟ ನೋಡ್ರಿ, ಹಗ್ಗದ ಕಲೇನೇ ಇಲ್ಲ.”

ಬೇರೆ ಐವತ್ತೊಂಬತ್ತು ಗೂಟಗಳೂ ಹಗ್ಗದ ಕೆಂಪು ಹತ್ತಿ ಕಂದಿದ್ದವು. ನನ್ನದು ನಿನ್ನೆ ಹೊಡೆದ ಹಾಗೆ ಬೆಳ್ಳಗಿತ್ತು. ಅಷ್ಟು ವರ್ಷ ಅದು ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ಅವನು ಹೇಳಿದ್ದು ಸುಳ್ಳಾಗಿದ್ದರೆ ನಾನೂ ನಕ್ಕುಬಿಡುತ್ತಿದ್ದೆ. ನಿಜವಾಗಿತ್ತು, ಅದಕ್ಕೇ ನನಗೆ ಅಷ್ಟು ಸಿಟ್ಟು ಬಂತು. ಅವತ್ತೇ ಬೂದಪ್ಪನ ಗೂಟಕ್ಕೆ ಹಗ್ಗ ಹಾಕಿ ಗಂಟು ಬಿಗಿದೆ.

ಅದೇ ಸಮಯಕ್ಕೆ ನಮ್ಮ ಸೀಮೆಗೆ ಹೊಸ ಅಧಿಕಾರಿ ಬಂದಿದ್ದ. ಹಳಬ ಯುದ್ಧದ ಸುದ್ದಿಗೆ, ತೆರಿಗೆಯ ಪತ್ರಕ್ಕೆ ಮಾತ್ರ ಮುದ್ರೆ ಕೊಡುತ್ತಿದ್ದ. ಈ ಪುಣ್ಯಾತ್ಮ ಅಂಜೂರದ ಬುಟ್ಟಿಗೂ ಮುದ್ರೆ ಕೊಟ್ಟ. ಅವನ ಹೆಂಡತಿಯ ಕನ್ನಡಿ ಒಂದು ಗಾಡಿಯಲ್ಲಿ ಹೋಯಿತು. ಅವಳ ತಂಗಿ ಸೆಖೆಗೆ ತಾಳಲಾರದೆ ಸಮುದ್ರದ ಕಡೆ ಹೋದಳು, ತಾಳಲಾರದೆ ವಾಪಸ್ಸೂ ಬಂದಳು. ಒಬ್ಬ ಕವಿ ಅಂತೆ, ಮಲಗಿಕೊಂಡೇ ಹೋದ. ತಿಂಗಳಿಗೊಂದು ಮುದ್ರೆ ತಪ್ಪದೆ ಬಂತು, ಬಂದ ಪ್ರತಿ ಮುದ್ರೆಗೂ ನಾನು ಬೂದಪ್ಪನ ಜೋಡಿಯನ್ನೇ ಹೂಡಿದೆ. ಗೊರಸಿಗೆ ಕಬ್ಬಿಣದ ಕೆರ ಕಟ್ಟುವಾಗ ಒಂದೊಂದು ತೊಗಲಿನ ಬಾರನ್ನೂ ಹಲ್ಲು ಕಚ್ಚಿ ಎಳೆದೆ. ಹೇಸರಗತ್ತೆಗಳನ್ನು ಮನೆಗೆ ಕಳಿಸಲೂ ಇಲ್ಲ. ಸರದಿ ಮುಗಿಯುವ ತನಕ ಠಾಣೆಯಲ್ಲೇ ಇರಬೇಕೆಂಬ ನಿಯಮ ಇದೆ, ಅದನ್ನೇ ಹೇಳಿದೆ.

ಊರವರು ಯಾರಾದರೂ ಬಂದು ಕೇಳಿದರೇ? ಒಬ್ಬನೂ ಕೇಳಲಿಲ್ಲ. ಜಗಲಿ ಮೇಲೆ ಕೂತು ನಕ್ಕವರೆಲ್ಲ ತಮ್ಮ ತಮ್ಮ ಜೋಡಿಗಳನ್ನು ಸದ್ದಿಲ್ಲದೆ ಬಿಚ್ಚಿಕೊಂಡು ಹೊಲಕ್ಕೆ ಹೊಡೆದುಕೊಂಡು ಹೋದರು. ಒಬ್ಬನ ಓಣಿ ಬೆಳೆಯುತ್ತಿದ್ದರೆ ತಮ್ಮ ಓಣಿ ಬೆಳೆಯುವುದಿಲ್ಲ. ಇಷ್ಟು ಅರ್ಥವಾಗಲು ಯಾವ ಶಾಲೆಯೂ ಬೇಕಾಗಿಲ್ಲ. ದಾರಿಯಲ್ಲಿ ಸಿಕ್ಕರೆ ಮೊದಲಿಗಿಂತ ಬಾಗಿ ನಮಸ್ಕಾರ ಮಾಡುತ್ತಿದ್ದರು.

ಒಂಬತ್ತು ಮುದ್ರೆಯಾಗುವಷ್ಟರಲ್ಲಿ ಬೂದಪ್ಪನ ಓಣಿ ಐವತ್ತು ಮೈಲಿಯಾಯಿತು. ಗಟ್ಟಿ ಕಾಲಿನ ಗಂಡಸಿಗೆ ಎರಡು ದಿನದ ನಡಿಗೆ. ಠಾಣೆಯ ಜಗಲಿಯಿಂದ ನೋಡಿದರೆ ಅವನ ಮನೆ ಓಣಿಯ ತುದಿಯಲ್ಲಿ ಹುಣಸೆಬೀಜದಷ್ಟು ಕಾಣುತ್ತಿತ್ತು. ಆ ಬೀಜದೊಳಗೆ ನನ್ನ ಮಗಳಿದ್ದಳು, ಬಸುರಿಯಾಗಿದ್ದಳು. ಗುತ್ತೆವ್ವ ಮೊದಲು ಬೇಡಿಕೊಂಡಳು, ಆಮೇಲೆ ಅತ್ತಳು, ಆಮೇಲೆ ನನ್ನ ಜೊತೆ ಮಾತು ಬಿಟ್ಟಳು. ಬಿಡುವ ಮುಂಚೆ ಒಂದು ಮಾತು ಹೇಳಿದಳು. “ನಿಮ್ಮ ಸಿಟ್ಟು ಬೂದಪ್ಪಗ ಮುಟ್ಟಿಲ್ಲ. ಅಂವ ಮುದುಕ, ಕುಂತಲ್ಲೇ ಕುಂತಾನ. ದೂರ ಆದಾಕಿ ನನ್ನ ಮಗಳು. ಚೊಚ್ಚಲ ಹೆರಿಗೀಗೆ ತವರಿಗೆ ಹೆಂಗ ಬರ್ತಾಳ್ರೀ ಆಕಿ?”

“ಒಂಬತ್ತು ತುಂಬೋದರಾಗ ಗಾಡಿ ಕಳಸ್ತೀನಿ” ಎಂದೆ. ಸೋತೆ ಅಂತ ಹೇಳಲು ಬಾಯಿ ಬರಲಿಲ್ಲ.

ಏಳು ತುಂಬಿತ್ತು ಅಷ್ಟೇ. ಒಂದು ಬೆಳಗ್ಗೆ ನಾನು ಲಾಯ ಗುಡಿಸುತ್ತಿದ್ದಾಗ ಬರಮ ಬಂದು ಬಾಗಿಲ ಕಂಬ ಹಿಡಿದು ನಿಂತ. ಕಾಲು ಒಡೆದು ಕೆರದೊಳಗೆಲ್ಲ ರಕ್ತ. ಎರಡು ದಿನ ಎಲ್ಲೂ ಕೂರದೆ ನಡೆದು ಬಂದಿದ್ದ. ಅವನ ಮನೆಯ ಹೇಸರಗತ್ತೆಗಳು ನನ್ನ ಲಾಯದಲ್ಲಿ, ಅವನ ಕಣ್ಣೆದುರಿಗೇ ಹುಲ್ಲು ತಿನ್ನುತ್ತಿದ್ದವು. “ಮಾವಾ,” ಎಂದ, “ಕೆಂಚಿಗೆ ಹೊಟ್ಟಿ ನೋವು ಸುರುವಾಗೇತಿ. ರಕ್ತ ಹೋಗಾಕ ಹತ್ತೈತಿ. ಅವ್ವನ್ನ ಕರಕೊಂಡು ಬಾ, ಸೂಲಗಿತ್ತೀನ ಕರಕೊಂಡು ಬಾ ಅಂದ್ಲು.” ಒಂದು ಬೈಗುಳವಾದರೂ ಸೇರಿಸಿ ಹೇಳಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವನು ಬೈಯಲಿಲ್ಲ. ಕುಸಿದು ಕೂತ.

ಗುತ್ತೆವ್ವ ನನ್ನ ಕೂಗು ಕೇಳಿ ಮನೆಯಿಂದ ಓಡಿಬಂದಳು. ಸೂಲಗಿತ್ತಿ ದುರ್ಗವ್ವ ನಮ್ಮನೆ ಹಿಂದಿನ ಗುಡಿಸಲಲ್ಲೇ ಇದ್ದಳು. ಕರೆತಂದೆವು. ಅರವತ್ತು ದಾಟಿದವಳು, ಐದು ಮೈಲಿ ನಡೆದರೆ ಹೆಚ್ಚು. ಏನು ಮಾಡುವುದೆಂದು ನಾವು ಮುಖ ಮುಖ ನೋಡುತ್ತಿರುವಾಗ ರಸ್ತೆಯ ಮೇಲೆ ಗಂಟೆ ಕೇಳಿಸಿತು. ಮುದ್ರೆಯ ಗಾಡಿ.

ಗಾಡಿಯಲ್ಲಿದ್ದವನು ಅಧಿಕಾರಿಯ ಅಡುಗೆಯವನು. ನಮ್ಮ ಮಾತು ಬಲ್ಲವನು, ಮೇಲ್ಸೀಮೆಯಿಂದ ಹಿಡಿದು ತಂದ ಆಳು. ಗಾಡಿ ತುಂಬ ಭತ್ತದ ಹುಲ್ಲು, ಹುಲ್ಲಿನೊಳಗೆ ಮಣ್ಣಿನ ಹಂಡೆಗಳು, ಹಂಡೆಗಳಲ್ಲಿ ಬೆಟ್ಟದ ಮೇಲಿನ ಹಿಮ. ಅವತ್ತಿನ ಔತಣಕ್ಕೆ ದ್ರಾಕ್ಷಿ ರಸ ತಂಪು ಮಾಡಲಿಕ್ಕಂತೆ. ನಾನು ಅವನ ಕಾಲು ಹಿಡಿದೆ. ಹುಟ್ಟಿದ ಮೇಲೆ ನಾನು ಯಾರ ಕಾಲನ್ನೂ ಹಿಡಿದವನಲ್ಲ. “ಗಾಡೀನ ಒಂದು ಸಲ ಈ ಓಣಿಗೆ ತಿರುಗಸಪ್ಪ. ಮುದ್ರಿ ಇದ್ರ ಐವತ್ತು ಮೈಲಿ ಇಪ್ಪತ್ತೈದು ಆಗತೈತಿ. ಮಧ್ಯಾಹ್ನಕ್ಕ ಮುಟ್ಟತೀಯ. ಇವರಿಬ್ಬರನ್ನ ಇಳಿಸಿ ಹೋಗು.”

ಅವನು ಹಂಡೆಗಳ ಕಡೆ ನೋಡಿದ. “ಇದು ನೀರಾದ್ರ ನನ್ನ ಬೆನ್ನಿನ ಚರ್ಮ ಇರೂದಿಲ್ಲ, ಗೊತ್ತೈತೇನು?” ಎಂದ. ಆಮೇಲೆ ಗುತ್ತೆವ್ವನ ಮುಖ ನೋಡಿದ. ಏನು ಕಂಡನೋ, “ಹತ್ತಸು, ಬಿರ್ರನೆ ಹೂಡು” ಎಂದ. ಅಷ್ಟು ದೊಡ್ಡ ದೊರೆತನದಲ್ಲಿ ನಮ್ಮ ಮೇಲೆ ದಯೆ ತೋರಿದವನು ಆ ಆಳು ಒಬ್ಬನೇ.

ಲಾಯದಲ್ಲಿದ್ದದ್ದು ಎರಡೇ ಜೋಡಿ, ಬೂದಪ್ಪನದು ಮತ್ತು ನನ್ನದು. ನಾನು ನೇರ ನನ್ನದರ ಹತ್ತಿರ ಹೋದೆ. ಇದನ್ನು ಯಾರು ನಂಬಿದರೂ ಸರಿ, ನಂಬದಿದ್ದರೂ ಸರಿ. ನನ್ನ ಓಣಿ ಬೆಳೆಯಲಿ, ಮನೆ ಹಾಳಾಗಿ ಹೋಗಲಿ ಅಂತ ಮನಸ್ಸು ಮಾಡಿಯೇ ಹೋದೆ. ಆದರೆ ಆ ಪ್ರಾಣಿಗಳು ಹುಟ್ಟಿದ ಮೇಲೆ ನೊಗ ಕಂಡಿರಲಿಲ್ಲ. ಎದೆಪಟ್ಟಿ ಹಾಕಲು ಹೋದರೆ ಒಂದು ಹಿಂಗಾಲ ಮೇಲೆ ಎದ್ದು ನಿಂತಿತು, ಇನ್ನೊಂದು ಬರಮನ ಭುಜಕ್ಕೆ ಒದ್ದಿತು. ಕಬ್ಬಿಣದ ಕೆರ ಕಟ್ಟಲು ಗೊರಸು ಎತ್ತಗೊಡಲಿಲ್ಲ. ಪಟ್ಟಿ ಕೊಬ್ಬಿದ ಎದೆಗೆ ಸಾಲಲಿಲ್ಲ. ಹೇಗೋ ಇಬ್ಬರೂ ಸೇರಿ ನೊಗಕ್ಕೆ ತಂದೆವು. ಎರಡೂ ಎರಡು ದಿಕ್ಕಿಗೆ ಜಗ್ಗಿ ಮೂಕಿಮರವನ್ನು ಮುರಿಯುವ ಹಾಗೆ ಮಾಡಿದವು. ದುರ್ಗವ್ವ ಗಾಡಿಯಿಂದ ಬೀಳುತ್ತಿದ್ದಳು. ಹುಲ್ಲಿನ ಕೆಳಗಿಂದ ಒಂದು ಹನಿ ನೀರು ಚಪ್ಪಡಿ ಮೇಲೆ ಬಿತ್ತು.

“ಇವು ಹೋಗಂಗಿಲ್ಲೋ ಮಾರಾಯ!” ಎಂದು ಅಡುಗೆಯವನು ಕಿರುಚಿದ. “ಆ ಜೋಡಿ ಕಟ್ಟು, ಇಲ್ಲ ನಾ ನನ್ನ ದಾರಿ ಹಿಡೀತೀನಿ.”

ಬೂದಪ್ಪನ ಹೇಸರಗತ್ತೆಗಳು ಬಾಗಿಲ ಬಳಿಯೇ ನಿಂತಿದ್ದವು. ಕೆರ ಕಟ್ಟಿಯೇ ಇತ್ತು. ಒಂಬತ್ತು ತಿಂಗಳ ಅಭ್ಯಾಸ, ಗಂಟೆ ಕೇಳಿದ ಕೂಡಲೇ ಕೊರಳು ಮುಂದೆ ಚಾಚಿಕೊಂಡಿದ್ದವು. ಬೂದಪ್ಪನ ಜೋಡಿ ಹೂಡಿದರೆ ಬೆಳೆಯುವುದು ಬೂದಪ್ಪನ ಓಣಿಯೇ. ಹದಿನೆಂಟು ವರ್ಷದ ಸರದಿಗಾರ, ನನಗೆ ಗೊತ್ತಿಲ್ಲವೇ? ಗೊತ್ತಿತ್ತು. ಆದರೆ ಗಾಡಿ ಹೋಗಿ ಮುಟ್ಟಿದ ಮೇಲೆ ದಾರಿ ಬೆಳೆಯುತ್ತದೆ ಅಂತ ನಾನು ತಿಳಿದಿದ್ದೆ. ನಾವೆಲ್ಲರೂ ಹಾಗೇ ತಿಳಿದಿದ್ದೆವು. ಗಾಡಿ ಯಾವಾಗಲೂ ಮುಂದಿನ ಠಾಣೆಯ ಕಡೆ ಹೋಗುತ್ತಿತ್ತು, ನಾವು ಸಂಜೆಗೆ ಬಂದು ಓಣಿ ಅಳೆಯುತ್ತಿದ್ದೆವು. ಬೆಳೆಯುತ್ತಿರುವ ಓಣಿಯೊಳಗೇ ಅದೇ ಮನೆಯ ಜೋಡಿ ಹೂಡಿ ಯಾರೂ ಹೋಗಿರಲಿಲ್ಲ. ಮೊದಲು ಇವರು ಮುಟ್ಟಲಿ, ಆಮೇಲೆ ಓಣಿ ಎಷ್ಟಾದರೂ ಆಗಲಿ ಅಂದುಕೊಂಡು ಹೂಡಿದೆ. ಬಾರುಕೋಲು ಬೀಸುವುದೇ ಬೇಕಾಗಲಿಲ್ಲ. ತಮ್ಮ ಮನೆಯ ದಾರಿ ಅಂತ ಅವುಗಳಿಗೂ ತಿಳಿಯಿತೋ ಏನೋ, ಹಾರಿದವು. ಗುತ್ತೆವ್ವ ಹಿಂದೆ ತಿರುಗಿ ನನ್ನನ್ನು ನೋಡಲಿಲ್ಲ.

ನಾನು ಜಗಲಿ ಮೇಲೆ ನಿಂತು ನೋಡಿದೆ. ಗಾಡಿ ಹೋಗುತ್ತಿದ್ದ ವೇಗಕ್ಕೆ ಅರ್ಧ ಗಳಿಗೆಯಲ್ಲಿ ಇಲಿಯಷ್ಟಾಯಿತು, ಆಮೇಲೆ ಇರುವೆಯಷ್ಟಾಯಿತು. ನನಗೆ ಎದೆ ಹಗುರವಾಯಿತು. ಆಮೇಲೆ ಓಣಿಯ ತುದಿ ನೋಡಿದೆ. ಬೂದಪ್ಪನ ಮನೆ ಹುಣಸೆಬೀಜದಷ್ಟು ಇದ್ದದ್ದು ಸಾಸಿವೆಯಷ್ಟಾಗಿತ್ತು. ಗಾಡಿ ಎರಡು ಮೈಲಿ ನುಂಗಿದರೆ ಮನೆ ಒಂದು ಮೈಲಿ ಹಿಂದಕ್ಕೆ ಹೋಗುತ್ತಿತ್ತು. ನಾನು ಕೂಗಿದೆ. ಮೂರ್ಖ, ಯಾರಿಗೆ ಕೇಳಬೇಕು? “ಬಿಚ್ಚ್ರಿ, ಜೋಡಿ ಬಿಚ್ಚ್ರಿ” ಎಂದು ಗಂಟಲು ಹರಿಯುವ ತನಕ ಕೂಗಿದೆ. ಬರಮ ಆ ಒಡೆದ ಕಾಲಲ್ಲೇ ಎದ್ದು ಓಣಿಯೊಳಗೆ ಓಡಿದ.

ಚಕ್ರದ ಲೆಕ್ಕದಲ್ಲಿ ಮೂವತ್ತು ಮೈಲಿಗೆ, ಓಣಿಯ ಲೆಕ್ಕದಲ್ಲಿ ಅರವತ್ತಕ್ಕೆ, ಹೇಸರಗತ್ತೆಗಳು ಬಾಯಲ್ಲಿ ನೊರೆ ಬಂದು ಮಲಗಿಬಿಟ್ಟವಂತೆ. ರಸ್ತೆಯ ಮೇಲಾದರೆ ಹತ್ತು ಮೈಲಿಗೆ ಬೇರೆ ಜೋಡಿ ಸಿಗುತ್ತದೆ. ಓಣಿಯಲ್ಲಿ ಯಾವ ದೊರೆ ಠಾಣೆ ಕಟ್ಟಿಸಿದ್ದಾನೆ? ಮನೆ ಇನ್ನೂ ಇಪ್ಪತ್ತು ಮೈಲಿ ಇತ್ತು. ದುರ್ಗವ್ವ ಎರಡು ಮೈಲಿ ನಡೆದು, ನೀರಿನ ಗಡಿಗೆಯ ಚಪ್ಪರದ ಕೆಳಗೆ ಕೂತವಳು ಏಳಲಿಲ್ಲ. ಹೋಗು ತಾಯಿ, ನೀನಾದರೂ ಹೋಗು ಎಂದು ತನ್ನ ಗಂಟನ್ನು ಗುತ್ತೆವ್ವನ ಕೈಗೆ ಕೊಟ್ಟಳು. ಗುತ್ತೆವ್ವ ಒಬ್ಬಳೇ ನಡೆದಳು. ಅವಳು ಹೊಸ್ತಿಲು ಮುಟ್ಟುವ ಹೊತ್ತಿಗೆ ಮಾರನೇ ದಿನ ಮಧ್ಯಾಹ್ನ. ಕೆಂಚವ್ವ ಆ ದಿನ ಬೆಳಗ್ಗೆಯೇ ಹೋಗಿದ್ದಳು. ಕೂಸು ಬದುಕಿತ್ತು, ಗಂಡುಮಗು. ಬೂದಪ್ಪನ ಹೆಂಡತಿ ಅರಳೆಯಲ್ಲಿ ಸುತ್ತಿ, ಮೇಕೆಹಾಲಿನಲ್ಲಿ ಬಟ್ಟೆ ಅದ್ದಿ ಚೀಪಿಸುತ್ತ ಕೂತಿದ್ದಳಂತೆ.

ಅಡುಗೆಯವನು ನಾಲ್ಕನೇ ದಿನಕ್ಕೆ, ಓಣಿ ಮತ್ತೆ ಬೆಳೆಯದಂತೆ ಮುದ್ರೆ ಮುಚ್ಚಿಟ್ಟು, ಚೇತರಿಸಿಕೊಂಡ ಬೂದಪ್ಪನ ಜೋಡಿಯೊಂದಿಗೆ ಠಾಣೆಗೆ ಬಂದ. ಹಂಡೆಗಳಲ್ಲಿ ಬೆಚ್ಚಗಿನ ನೀರಿತ್ತು. ನಾನು ಬಾಯಿ ತೆರೆಯುವ ಮೊದಲೇ, “ಕೂಸು ಐತಿ” ಎಂದ. ನೀರು ಚೆಲ್ಲಲೂ ಇಲ್ಲ, ಹಾಗೇ ತೆಗೆದುಕೊಂಡು ಹೋದ. ಅವನು ಮತ್ತೆ ಈ ರಸ್ತೆಯಲ್ಲಿ ಬರಲಿಲ್ಲ. ಅವನ ಹೆಸರನ್ನು ನಾನು ಕೇಳಿಯೇ ಇರಲಿಲ್ಲ.

ಗುತ್ತೆವ್ವ ವಾಪಸ್ಸು ಬರಲಿಲ್ಲ. ತಿಂಗಳಾದ ಮೇಲೆ ಬರಮ, ಚಪ್ಪರದಿಂದ ತನ್ನ ಮನೆಗೆ ಒಯ್ದಿದ್ದ ದುರ್ಗವ್ವನನ್ನು ಬೆನ್ನ ಮೇಲೆ ಹೊತ್ತು ತಂದು ಬಿಟ್ಟುಹೋದ. ನನ್ನ ಮುಖ ನೋಡದೆ, ಅತ್ತೆ ಹೇಳಿ ಕಳಿಸಿದ ಮಾತು ಅಂತ ಹೇಳಿದ, “ಇನ್ನ ಮ್ಯಾಲಾದ್ರೂ ಸರದಿ ತಪ್ಪಸಬ್ಯಾಡ ಅಂತ ಹೇಳು ಅಂದ್ಲು.”

ನಾನು ತಪ್ಪಿಸಿಲ್ಲ. ನನ್ನ ಆ ಎರಡು ಹೇಸರಗತ್ತೆಗಳನ್ನು ನಾನೇ ಹೊಡೆದು, ಒದೆಸಿಕೊಂಡು, ಮೂರು ಪಕ್ಕೆಲುಬು ಮುರಿದುಕೊಂಡು ನೊಗಕ್ಕೆ ಪಳಗಿಸಿದೆ. ಕೆಂಪು ಹಗ್ಗ ಅಂದಿನಿಂದ ನನ್ನ ಗೂಟದಲ್ಲೇ ಇದೆ. ಯಾವ ಮುದ್ರೆ ಬಂದರೂ ನನ್ನ ಜೋಡಿಯೇ ಹೋಗುತ್ತದೆ. ಊರವರಿಗೆ ಭಾರಿ ಸಂತೋಷ. ಹಾಲಪ್ಪನಂಥ ನ್ಯಾಯವಂತ ಸರದಿಗಾರ ಇಲ್ಲ ಅಂತ ಜಗಲಿ ಮೇಲೆ ಕೂತು ನನ್ನ ಕಿವಿಗೆ ಬೀಳುವ ಹಾಗೆ ಮಾತಾಡುತ್ತಾರೆ. ಥೂ. ಯಾರೂ ಇಲ್ಲದ ಮನೆ ಎಷ್ಟು ದೂರ ಹೋದರೆ ಯಾರಿಗೇನು? ನಾನು ಲಾಯದಲ್ಲೇ ಹುಲ್ಲಿನ ಮೇಲೆ ಮಲಗುತ್ತೇನೆ. ನನ್ನ ಮನೆಯ ಕೀಲಿಕೈ ಸೊಂಟದಲ್ಲಿದೆ, ಬೀಗ ತೆಗೆಯಬೇಕಾದರೆ ಇಪ್ಪತ್ತು ದಿನ ನಡೆಯಬೇಕು.

ಬೂದಪ್ಪನ ಓಣಿ ಎಂಬತ್ತು ಮೈಲಿಗೆ ನಿಂತಿದೆ. ನಾಲ್ಕು ದಿನದ ದಾರಿ. ಹೋಗಿ ಮೊಮ್ಮಗನ ಮುಖ ನೋಡಿ ಬರಬಾರದೇ ಅಂತ ದುರ್ಗವ್ವ ಸಾಯುವ ತನಕ ಕೇಳುತ್ತಿದ್ದಳು. ಹೋಗಲು ನಾಲ್ಕು ದಿನ, ಬರಲು ನಾಲ್ಕು ದಿನ. ಆ ಎಂಟು ದಿನದಲ್ಲಿ ಒಂದು ಮುದ್ರೆ ಬಂದರೆ ಹೂಡುವವರು ಊರವರು. ನನ್ನ ಜೋಡಿ ನನ್ನ ಕೈಗಲ್ಲದೆ ಬೇರೆ ಯಾರಿಗೂ ಹೂಡಗೊಡುವುದಿಲ್ಲ. ಅವರು ಯಾರ ಜೋಡಿ ಹುಡುಕಿ ತಂದು ಹೂಡುತ್ತಾರೆ ಅಂತ ನನಗೆ ಚೆನ್ನಾಗಿ ಗೊತ್ತು. ನಾನೇ ಕಲಿಸಿಕೊಟ್ಟ ದಾರಿ ಅದು. ಹುಡುಗನಿಗೆ ಈಗ ಆರು ವರ್ಷ. ನನ್ನನ್ನು ನೋಡುವ ಮನಸ್ಸು ಅವನಿಗೆ ಎಂದಾದರೂ ಬಂದರೆ ಎಂಬತ್ತು ಮೈಲಿ ನಡೆಯಬೇಕು. ಎಂಬತ್ತೊಂದು ಆಗದ ಹಾಗೆ ನೋಡಿಕೊಳ್ಳುವುದು ಮಾತ್ರ ನನ್ನ ಕೈಯಲ್ಲಿದೆ.

ಮೊನ್ನೆ ಒಬ್ಬ ರೋಮಿನ ಯಜಮಾನ ಬಂದಿದ್ದ. ಅಗಲ ಅಂಚಿನ ಟೋಪಿ, ಜೊತೆಗೆ ನಾಯಿಮರಿ. ನಾನು ಕೊಟ್ಟ ನೀರು ಕುಡಿದು, ಬಟ್ಟಲು ನನ್ನ ಕಡೆ ಚಾಚಿ, “ಎಂಥ ರಸ್ತೆಯಯ್ಯಾ ನಿಮ್ಮದು! ಎಲ್ಲಾ ಎಷ್ಟು ಹತ್ತಿರ!” ಎಂದ. ನಾನು ಬಟ್ಟಲು ತೆಗೆದುಕೊಂಡೆ. ನನ್ನ ಹೇಸರಗತ್ತೆಗಳ ಎದೆಪಟ್ಟಿಯನ್ನು ಇನ್ನೊಂದು ತೂತಿಗೆ ಬಿಗಿದು, ಗಾಡಿಗೆ ದಾರಿ ಬಿಟ್ಟೆ.